ಸದಸ್ಯಪತ್ರಿಕೆಯ ಗದ್ಯ: ಅಮೆರಿಕದ ವಿದ್ಯುತ್ ಇಂಜನಿಯರುಗಳ ಸಂಘದ ನಿಯತಕಾಲಿಕೆಗಳನ್ನು ಕುರಿತ ಒಂದು ವಿಮರ್ಶೆ

೧

ವಾಙ್ಮಯವು ಶಾಸ್ತ್ರವೆಂದೂ ಕಾವ್ಯವೆಂದೂ ಎರಡು ಬಗೆಯಾಗಿರುವುದೆಂದು ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ವಿಭಾಗಮಾಡಿದ್ದಾನೆ. ಈ ಎರಡರಲ್ಲಿ ಯಾವುದಕ್ಕೂ ಪೂರ್ಣವಾಗಿ ಸೇರದ ಬರೆವಣಿಗೆಯೊಂದು ಈಚಿನ ಶತಮಾನಗಳಲ್ಲಿ ಬೆಳೆದುಬಂದಿದೆ. ವೃತ್ತಿಸಂಘಗಳು ತಮ್ಮ ಸದಸ್ಯರಿಗಾಗಿ ಪ್ರಕಟಿಸುವ ನಿಯತಕಾಲಿಕೆಗಳ ಗದ್ಯವೇ ಅದು. ಶಾಸ್ತ್ರವೆನ್ನೋಣವೆಂದರೆ ಅದರಲ್ಲಿ ಸಿದ್ಧಾಂತಕ್ಕಿಂತ ಸುದ್ದಿಯೇ ಹೆಚ್ಚು, ಕಾವ್ಯವಂತೂ ಅಲ್ಲ, ಕೇವಲ ವೃತ್ತಪತ್ರಿಕೆಯೆನ್ನೋಣವೆಂದರೆ ಅದನ್ನು ಯಾರೂ ಅಂಗಡಿಯಲ್ಲಿ ಕೊಂಡು ಓದುವುದಿಲ್ಲ. ಸಂಘದ ವಂತಿಗೆ ಸಲ್ಲಿಸಿದವನಿಗೆ ಅದು ತಾನಾಗಿಯೇ ಬರುತ್ತದೆ. ಅದರ ಓದುಗನೇ ಅದರ ಒಡೆಯ. ಅದರಲ್ಲಿ ಬರೆಯತಕ್ಕವರೂ ಬಹುಮಟ್ಟಿಗೆ ಅವನ ಸಹವೃತ್ತಿಗಳೇ.

ಇಂಥ ಗದ್ಯವನ್ನು ಸಾಹಿತ್ಯಪರಿಶೀಲನೆಗೆ ಮೀಸಲಾದ ಪುಟಗಳಲ್ಲಿ ವಿಮರ್ಶಿಸುವುದು ಉಚಿತವೇ ಎಂದು ವಾಚಕರು ಕೇಳಬಹುದು. ಶಾಸನಗಳ ಗದ್ಯವನ್ನೂ, ವೈದ್ಯ ಗಣಿತ ಗ್ರಂಥಗಳ ಶೈಲಿಯನ್ನೂ ನಮ್ಮ ವಿದ್ವಾಂಸರು ಆದರದಿಂದ ಪರಿಶೀಲಿಸಿದ್ದಾರೆ. ಒಂದು ಜನಾಂಗವು ತನ್ನ ಕೆಲಸವನ್ನು ಕುರಿತು ತನ್ನಲ್ಲೇ ಹೇಗೆ ಮಾತನಾಡಿಕೊಂಡಿತೆಂಬುದನ್ನು ಅರಿಯಲು ಅಂಥ ಬರೆವಣಿಗೆಗಿಂತ ಉತ್ತಮವಾದ ಸಾಕ್ಷ್ಯವಿಲ್ಲ. ವೃತ್ತಿಸಂಘದ ಪತ್ರಿಕೆಯೂ ಇದೇ ಕಾರಣದಿಂದ ಪರಿಶೀಲನಾರ್ಹವಾಗಿದೆ. ಪ್ರಕೃತ ಲೇಖನದಲ್ಲಿ ಅಮೆರಿಕದ ವಿದ್ಯುತ್ ಇಂಜನಿಯರುಗಳ ಸಂಘವು ೧೮೮೪ರಿಂದ ಈಚೆಗೆ ಹೊರಡಿಸಿದ ಪತ್ರಿಕೆಗಳನ್ನೂ, ಮುಖ್ಯವಾಗಿ ೧೯೬೪ರಲ್ಲಿ ಆರಂಭವಾದ ‘ಸ್ಪೆಕ್ಟ್ರಂ’ ಎಂಬ ಮಾಸಪತ್ರಿಕೆಯನ್ನೂ ಆರಿಸಿಕೊಂಡಿದೆ. ಈ ಸಂಘಕ್ಕೆ ಇಂದು ಪ್ರಪಂಚದಲ್ಲೆಲ್ಲ ೪,೦೦,೦೦೦ಕ್ಕೂ ಮೀರಿದ ಸದಸ್ಯರಿದ್ದಾರೆ. ಬೆಂಗಳೂರಿನಲ್ಲಿಯೂ ಅದರ ಶಾಖೆಯುಂಟು. ಆದಕಾರಣ ಈ ಪತ್ರಿಕೆ ಕನ್ನಡಿಗರ ಮನೆಗಳಿಗೂ ಬರುತ್ತಿದೆ.

ಸದಸ್ಯಪತ್ರಿಕೆಯ ಯೋಗ್ಯತೆಯನ್ನು ಅದರಲ್ಲಿ ಅಚ್ಚಾದ ಪ್ರೌಢಪ್ರಬಂಧಗಳಿಂದ ಅಳೆಯುವುದು ವಾಡಿಕೆ. ಆ ಅಳತೆ ಸಾಲದೆಂಬುದು ನಮ್ಮ ಅಭಿಪ್ರಾಯ. ಪ್ರಬಂಧದ ಗುಣವು ಪ್ರಬಂಧಕಾರನಿಗೆ ಸಲ್ಲತಕ್ಕದ್ದು. ಪತ್ರಿಕೆಯ ಗುಣವೆಂಬುದು ಬೇರೆ: ತನ್ನ ವೃತ್ತಿಯಲ್ಲಿಯೇ ಕೆಡುಕು ಸಂಭವಿಸಿದಾಗ, ತನ್ನನ್ನು ಪೋಷಿಸುತ್ತಿರುವವರ ಮುಂದೆಯೇ, ಅದನ್ನು ಇದ್ದುದು ಇದ್ದಂತೆ ಹೇಳಬಲ್ಲುದೇ ಎಂಬುದರಿಂದ ಅದು ನಿರ್ಣಯವಾಗುತ್ತದೆ. ಈ ಪರೀಕ್ಷೆಯಲ್ಲಿ ಶೈಲಿಯೂ ನೀತಿಯೂ ಬೇರೆಬೇರೆಯಾಗಿ ನಿಲ್ಲುವುದಿಲ್ಲವೆಂಬುದನ್ನು ಮುಂದೆ ತೋರಿಸಲು ಪ್ರಯತ್ನಿಸಿದೆ.

೨

ಮೊದಲು ಹೆಸರುಗಳನ್ನು ನೋಡೋಣ. ‘ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಎಲೆಕ್ಟ್ರಿಕಲ್ ಇಂಜನಿಯರ್ಸ್’ ಎಂಬ ಸಂಘವು ೧೮೮೪ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪಿತವಾಯಿತು. ಅದನ್ನು ಇಲ್ಲಿ ಹಿರಿಯ ಸಂಘವೆಂದು ಕರೆಯುವೆವು. ಎಡಿಸನ್ನನೂ ಗ್ರಹಾಂ ಬೆಲ್ಲನೂ ಅದರ ಮೊದಲ ಉಪಾಧ್ಯಕ್ಷರಲ್ಲಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಫಿಲಡೆಲ್ಫಿಯದ ವಿದ್ಯುತ್ ಪ್ರದರ್ಶನದ ಸಂದರ್ಭದಲ್ಲಿ ಅದರ ಮೊದಲ ಶಾಸ್ತ್ರಸಭೆ ನೆರೆಯಿತು. ಅಲ್ಲಿ ಓದಿದ ಪ್ರಬಂಧಗಳು ‘ಟ್ರಾನ್ಸ್ಯಾಕ್ಷನ್ಸ್’ ಎಂಬ ಹೆಸರಿನ ಸಂಪುಟವಾಗಿ ಹೊರಟವು. ೧೯೦೫ರಿಂದ ‘ಪ್ರೊಸೀಡಿಂಗ್ಸ್’ ಎಂಬುದೂ ಪ್ರಕಟವಾಗತೊಡಗಿತು. ಅದು ೧೯೨೦ರಲ್ಲಿ ‘ಜರ್ನಲ್’ ಎಂದೂ, ೧೯೩೧ರಲ್ಲಿ ‘ಎಲೆಕ್ಟ್ರಿಕಲ್ ಇಂಜನಿಯರಿಂಗ್’ ಎಂದೂ ಹೆಸರನ್ನು ಬದಲಾಯಿಸಿಕೊಂಡಿತು. ೧೯೬೪ರ ಜನವರಿಯಲ್ಲಿ ‘ಸ್ಪೆಕ್ಟ್ರಂ’ ಅದರ ಸ್ಥಾನಕ್ಕೆ ಬಂದಿತು.

ಈ ಐದು ಹೆಸರುಗಳ ಅನುಕ್ರಮದಲ್ಲಿ ಒಂದು ಚರಿತ್ರೆಯೇ ಅಡಗಿದೆ. ‘ಟ್ರಾನ್ಸ್ಯಾಕ್ಷನ್ಸ್’ ಎಂದರೆ ನಡೆಸಿದ ವ್ಯವಹಾರಗಳು. ‘ಪ್ರೊಸೀಡಿಂಗ್ಸ್’ ಎಂದರೆ ಸಭೆಯ ಕಲಾಪ. ಈ ಎರಡು ಹೆಸರುಗಳಲ್ಲಿಯೂ ಮುಖ್ಯವಾದದ್ದು ಸಭೆ. ಅಚ್ಚಾದ ಪುಸ್ತಕವು ಸಭೆಗೆ ಬಾರದವನಿಗಾಗಿ ಕಳುಹಿಸಿದ ಪ್ರತಿ. ‘ಜರ್ನಲ್’ ಎಂಬುದು ದಿನವೆಂಬರ್ಥದ ಫ್ರೆಂಚ್ ಶಬ್ದದಿಂದ ಬಂದದ್ದು. ಅಲ್ಲಿ ಕಾಲವೇ ಪ್ರಧಾನ. ‘ಎಲೆಕ್ಟ್ರಿಕಲ್ ಇಂಜನಿಯರಿಂಗ್’ ಎಂಬಲ್ಲಿ ವಿಷಯ ಪ್ರಧಾನವಾಯಿತು. ‘ಸ್ಪೆಕ್ಟ್ರಂ’ ಎಂಬ ಲ್ಯಾಟಿನ್ ಪದಕ್ಕೆ ಕಣ್ಣಿಗೆ ತೋರುವ ರೂಪವೆಂದು ಮೂಲಾರ್ಥ. ಶಾಸ್ತ್ರದಲ್ಲಿ ವರ್ಣಪಟಲವೆಂದು ರೂಢಿ. ಸಭೆ, ಕಾಲ, ವಿಷಯ ಇವುಗಳನ್ನು ದಾಟಿ ಕಡೆಗೆ ಪತ್ರಿಕೆ ಒಂದು ಉಪಮೆಯನ್ನು ತನ್ನ ಹೆಸರಾಗಿ ಇಟ್ಟುಕೊಂಡಿತು. ಉಪಮೆಯನ್ನು ಹೆಸರಾಗಿ ಇಟ್ಟುಕೊಳ್ಳುವ ಪತ್ರಿಕೆ ತನ್ನ ಓದುಗನ ಮನಸ್ಸನ್ನು ಸೆಳೆಯಬೇಕೆಂದು ಬಯಸುತ್ತದೆ. ಕೇವಲ ದಾಖಲೆಯಾಗಿರುವುದರಿಂದ ಅದಕ್ಕೆ ತೃಪ್ತಿಯಿಲ್ಲ. ಈ ಬಯಕೆಯಿಂದ ಬಂದ ಲಾಭವೆಷ್ಟು, ನಷ್ಟವೆಷ್ಟು ಎಂಬುದೇ ವಿಚಾರಮಾಡತಕ್ಕ ವಿಷಯ.

೩

ಹಳೆಯ ‘ಟ್ರಾನ್ಸ್ಯಾಕ್ಷನ್ಸ್’ ಸಂಪುಟಗಳನ್ನು ತೆರೆದು ನೋಡುವವರಿಗೆ ಮೊದಲು ಕಾಣುವ ವಿಶೇಷವೆಂದರೆ ಪ್ರಬಂಧವು ಒಂಟಿಯಾಗಿ ನಿಂತಿರುವುದಿಲ್ಲ. ಅದರ ಹಿಂದೆಯೇ ‘ಚರ್ಚೆ’ ಎಂಬ ಭಾಗವಿರುತ್ತದೆ. ಸಭೆಯಲ್ಲಿ ಎದ್ದುನಿಂತು ಆಕ್ಷೇಪಿಸಿದವರ ಮಾತೂ, ಅದಕ್ಕೆ ಪ್ರಬಂಧಕಾರನ ಉತ್ತರವೂ ಅಲ್ಲಿ ಅಚ್ಚಾಗಿರುತ್ತವೆ. ೧೮೮೮ರ ಮೇ ೧೬ರಂದು ನಿಕೊಲ ಟೆಸ್ಲನು ತನ್ನ ಪರ್ಯಾಯವಿದ್ಯುತ್ತಿನ ಮೋಟಾರುಗಳನ್ನು ಕುರಿತು ಈ ಸಂಘದಲ್ಲಿ ಉಪನ್ಯಾಸಮಾಡಿದನು. ಉಪನ್ಯಾಸ ಮುಗಿದ ಬಳಿಕ ಎಲಿಹು ಥಾಮ್ಸನ್ ಎಂಬ ಪ್ರಸಿದ್ಧ ವಿದ್ಯುತ್ಶಾಸ್ತ್ರಜ್ಞನು ಎದ್ದು, ತಾನೂ ಪರ್ಯಾಯವಿದ್ಯುತ್ತಿನ ಮೋಟಾರುಗಳ ವಿಷಯದಲ್ಲಿ ಕೆಲಸಮಾಡಿರುವುದಾಗಿ ತಿಳಿಸಿದನು. ಟೆಸ್ಲನು ಥಾಮ್ಸನ್ನನ ಹಿರಿಮೆಯನ್ನು ಗೌರವದಿಂದ ಒಪ್ಪಿಕೊಂಡು, ಆ ಬಗೆಯ ಯಂತ್ರಕ್ಕೆ ಕುಂಚಗಳ ಸಂಪರ್ಕ ಬೇಕಾಗುವುದೊಂದು ನ್ಯೂನತೆಯೆಂದು ವಿನಯದಿಂದಲೇ ಸೂಚಿಸಿದನು.

ಪೂರ್ವಪಕ್ಷ ಸಿದ್ಧಾಂತಗಳ ಕ್ರಮವನ್ನು ಬಲ್ಲ ನಮ್ಮ ವಾಚಕರಿಗೆ ಇದು ಹೊಸದಾಗಿ ತೋರದು. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವನ್ನು ಬಹುವೇಳೆ ಸಿದ್ಧಾಂತಿಯೇ ರಚಿಸಿಕೊಳ್ಳುತ್ತಾನೆ. ಇಲ್ಲಿಯಾದರೋ ಆಕ್ಷೇಪಿಸುವವನು ಎದುರಿಗೇ ಇದ್ದಾನೆ, ಅವನಿಗೂ ತನ್ನದೇ ಆದ ಕಾರ್ಖಾನೆಯೂ ಸ್ವಾರ್ಥವೂ ಉಂಟು. ಆದುದರಿಂದಲೇ ಈ ಚರ್ಚೆಗಳ ಗದ್ಯಕ್ಕೆ ಜೀವಕಳೆಯಿದೆ. ವಾಕ್ಯಗಳು ಮಾತಿನ ಓಟದಲ್ಲಿರುತ್ತವೆ. ವಕ್ತೃವು ತಾನು ಕಂಡದ್ದನ್ನು ಹೇಳುತ್ತಾನೆ, ತನಗೆ ತಿಳಿಯದುದನ್ನು ಪ್ರಶ್ನಿಸುತ್ತಾನೆ. ಅಲಂಕಾರಕ್ಕೆ ಅಲ್ಲಿ ಅವಕಾಶವಿಲ್ಲ, ಮೈಮರೆವಿಗೂ ಇಲ್ಲ. ಏಕೆಂದರೆ ತಪ್ಪನ್ನಾಡಿದರೆ ಮುಂದಿನ ಸಾಲಿನಲ್ಲಿಯೇ ಅದನ್ನು ತಿದ್ದುವವನಿದ್ದಾನೆ. ೧೮೯೨ರ ಜನವರಿಯಲ್ಲಿ ಚಾರ್ಲ್ಸ್ ಸ್ಟೈನ್‌ಮೆಟ್ಸ್ ಎಂಬಾತನು ಕಬ್ಬಿಣದ ಕಾಂತಜಾಡ್ಯದ ನಿಯಮವನ್ನು ಇದೇ ಸಂಘದ ಮುಂದಿಟ್ಟನು. ಜರ್ಮನಿಯಿಂದ ವಲಸೆ ಬಂದು ಆಗಿನ್ನೂ ಮೂರು ವರ್ಷಗಳನ್ನು ಕಳೆಯದಿದ್ದ ಈ ತರುಣನು ಒಂದು ದಶಕದೊಳಗಾಗಿ, ೧೯೦೧ರಲ್ಲಿ, ಸಂಘದ ಅಧ್ಯಕ್ಷನಾದನು. ಹೊಸಬನ ಮಾತನ್ನು ಹಿರಿಯರು ಕೇಳಿ ಪರೀಕ್ಷಿಸುವ ಸಭೆಯೊಂದು ಇಲ್ಲದಿದ್ದರೆ ಇದು ಶಕ್ಯವಾಗುತ್ತಿರಲಿಲ್ಲ.

ಹಿರಿಯ ಸಂಘದ ಜತೆಗೆ ೧೯೧೨ರಲ್ಲಿ ಮತ್ತೊಂದು ಸಂಘ ಹುಟ್ಟಿತು. ತಂತಿಯಿಲ್ಲದ ತಂತಿಯ ವಿದ್ಯೆಯಲ್ಲಿ ತೊಡಗಿದ್ದ ಎರಡು ಚಿಕ್ಕ ಸಂಘಗಳು ಒಂದುಗೂಡಿ ‘ಇನ್‌ಸ್ಟಿಟ್ಯೂಟ್ ಆಫ್ ರೇಡಿಯೋ ಇಂಜನಿಯರ್ಸ್’ ಆಯಿತು. ಆರಂಭದಲ್ಲಿ ಅದಕ್ಕೆ ೫೦ ಮಂದಿ ಸದಸ್ಯರೂ ಇರಲಿಲ್ಲ. ಆದರೂ ಅದು ತನ್ನ ಹೆಸರಿನಲ್ಲಿ ‘ಅಮೆರಿಕನ್’ ಎಂಬ ವಿಶೇಷಣವನ್ನು ಬುದ್ಧಿಪೂರ್ವಕವಾಗಿ ಬಿಟ್ಟಿತು. ರೇಡಿಯೋ ಅಲೆಗಳಿಗೆ ದೇಶದ ಎಲ್ಲೆಯಿಲ್ಲವಷ್ಟೆ! ಅದರ ‘ಪ್ರೊಸೀಡಿಂಗ್ಸ್’ ೧೯೧೩ರಲ್ಲಿ ಹೊರಟಿತು. ಆಲ್‌ಫ್ರೆಡ್ ಗೋಲ್ಡ್‌ಸ್ಮಿತ್ ಎಂಬ ಅಧ್ಯಾಪಕನು ಸುಮಾರು ನಾಲ್ಕು ದಶಕಗಳ ಕಾಲ, ೧೯೫೪ರವರೆಗೆ, ಅದರ ಸಂಪಾದಕನಾಗಿ ದುಡಿದನು.

ಈ ಪತ್ರಿಕೆಯ ಗದ್ಯದ ಸ್ವಭಾವಕ್ಕೆ ಒಂದು ನಿದರ್ಶನ ಸಾಕು. ಕಾರ್ಲ್ ಯಾನ್‌ಸ್ಕಿ ಎಂಬ ತರುಣ ಇಂಜನಿಯರು ಸಮುದ್ರದಾಚೆಯ ರೇಡಿಯೋ ದೂರವಾಣಿಗೆ ಅಡ್ಡಿಮಾಡುವ ಶಬ್ದಗಳ ಮೂಲವನ್ನು ಹುಡುಕುತ್ತಿದ್ದನು. ಅವುಗಳಲ್ಲಿ ಒಂದು ಶಬ್ದವು ಭೂಮಿಯಿಂದಲ್ಲ, ಸೂರ್ಯನಿಂದಲೂ ಅಲ್ಲ, ಆಕಾಶಗಂಗೆಯ ದಿಕ್ಕಿನಿಂದ ಬರುತ್ತಿದೆಯೆಂದು ಅವನು ಕಂಡುಕೊಂಡನು. ರೇಡಿಯೋ ಖಗೋಳವಿಜ್ಞಾನವೆಂಬ ಹೊಸ ಶಾಸ್ತ್ರಕ್ಕೆ ಇದೇ ಬೀಜ. ೧೯೩೩ರ ಅಕ್ಟೋಬರಿನಲ್ಲಿ ‘ಪ್ರೊಸೀಡಿಂಗ್ಸ್’ನಲ್ಲಿ ಅಚ್ಚಾದ ಅವನ ಪ್ರಬಂಧದ ಶೀರ್ಷಿಕೆಯು ‘ಭೂಮಿಯ ಹೊರಗಣ ಮೂಲವುಳ್ಳವೆಂದು ತೋರುವ ವಿದ್ಯುತ್ಕ್ಷೋಭೆಗಳು’ ಎಂಬ ಅರ್ಥವನ್ನು ಕೊಡುತ್ತದೆ. ಅದರಲ್ಲಿ ‘ತೋರುವ’ ಎಂಬ ಒಂದು ಪದವನ್ನು ಗಮನಿಸಬೇಕು. ಆಕಾಶಗಂಗೆಯ ಧ್ವನಿಯನ್ನು ಮೊದಲು ಕೇಳಿದ ಮನುಷ್ಯನು ತನ್ನ ಪ್ರಮಾಣಗಳು ಎಲ್ಲಿಯವರೆಗೆ ಹೋಗುವುವೋ ಅಲ್ಲಿಯವರೆಗೆ ಮಾತ್ರ ಮಾತನ್ನು ಬಿಟ್ಟಿದ್ದಾನೆ. ಕ್ಷೇಮೇಂದ್ರನು ಔಚಿತ್ಯವೆಂದು ಕರೆದ ಗುಣವು ಕಾವ್ಯಕ್ಕೆ ಮಾತ್ರ ಸೇರಿದುದಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

೪

ಹೀಗಿದ್ದರೂ ಈ ಬಗೆಯ ಪತ್ರಿಕೆ ತನ್ನ ಯಶಸ್ಸಿನಿಂದಲೇ ಇಕ್ಕಟ್ಟಿಗೆ ಸಿಕ್ಕಿತು. ವಿದ್ಯೆ ಬೆಳೆದಂತೆ ಶಾಖೆಗಳು ಹೆಚ್ಚಿದವು. ರೇಡಿಯೋ ಸಂಘವು ೧೯೪೮ರಿಂದ ಒಂದೊಂದು ಶಾಖೆಗೂ ಪ್ರತ್ಯೇಕವಾದ ಗುಂಪುಗಳನ್ನು ಏರ್ಪಡಿಸಿತು. ಗುಂಪುಗಳು ತಮತಮಗೆ ಬೇರೆಬೇರೆ ಪತ್ರಿಕೆಗಳನ್ನು ಹೊರಡಿಸತೊಡಗಿದವು. ಒಬ್ಬ ಸದಸ್ಯನು ಮತ್ತೊಬ್ಬ ಸದಸ್ಯನ ಪ್ರಬಂಧವನ್ನು ಓದಿ ತಿಳಿಯಲಾರದ ಸ್ಥಿತಿ ಬಂದಿತು. ೧೯೬೩ರ ಜನವರಿ ೧ರಂದು ಎರಡು ಸಂಘಗಳೂ ಐಕ್ಯವಾಗಿ ಈಗಿನ ‘ಇನ್‌ಸ್ಟಿಟ್ಯೂಟ್ ಆಫ್ ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ಇಂಜನಿಯರ್ಸ್’ ಆದಾಗ ಸದಸ್ಯಸಂಖ್ಯೆ ಸುಮಾರು ೧,೫೦,೦೦೦ ಇದ್ದಿತು. ಅಣೆಕಟ್ಟಿನ ಜನಕಯಂತ್ರವನ್ನು ನೋಡಿಕೊಳ್ಳುವವನೂ, ಗಣಕಯಂತ್ರದ ಮಂಡಲಗಳನ್ನು ರಚಿಸುವವನೂ ಒಂದೇ ಸಂಘದಲ್ಲಿ ಕುಳಿತರು. ಇವರಿಬ್ಬರೂ ಓದಬಲ್ಲ ಗದ್ಯ ಯಾವುದು? ‘ಸ್ಪೆಕ್ಟ್ರಂ’ ಹುಟ್ಟಿದ್ದು ಈ ಪ್ರಶ್ನೆಗೆ ಉತ್ತರವಾಗಿ.

ಹೊಸ ಪತ್ರಿಕೆಯ ಕಾರ್ಯಾಲಯದಲ್ಲಿ ಸಂಬಳದ ಲೇಖಕರು ಸೇರಿಕೊಂಡರು. ಅವರಲ್ಲಿ ಗಾರ್ಡನ್ ಫ್ರೀಡ್‌ಲೆಂಡರ್ ಎಂಬವರ ಬರೆವಣಿಗೆ ನಮ್ಮ ವಿಷಯಕ್ಕೆ ಮುಖ್ಯವಾದುದು. ೧೯೬೫ರ ನವೆಂಬರ್ ೯ರ ಸಂಜೆ ಅಮೆರಿಕದ ಈಶಾನ್ಯದ ಬಹುಭಾಗವೂ ಕೆನಡದ ಆಂಟೇರಿಯೋ ಪ್ರಾಂತದ ಕೆಲವು ಭಾಗಗಳೂ ಕತ್ತಲಲ್ಲಿ ಮುಳುಗಿದವು. ಸುಮಾರು ೩ ಕೋಟಿ ಜನ ದೀಪವಿಲ್ಲದೆ ಉಳಿದರು. ನಯಾಗರಾ ಬಳಿಯ ವಿದ್ಯುದಾಗಾರದಿಂದ ಹೊರಟ ಐದು ತಂತಿಮಾರ್ಗಗಳಲ್ಲಿ ಒಂದರ ರಕ್ಷಣೆಗೆಂದು ಇಟ್ಟಿದ್ದ ರಿಲೇಯು, ಹಿಂದಿನ ಕಾಲದ ಕಡಮೆ ಭಾರಕ್ಕೆ ತಕ್ಕಂತೆ ಹೊಂದಿಸಲ್ಪಟ್ಟಿದ್ದು, ಆ ಸಂಜೆಯ ಹೆಚ್ಚಿನ ಭಾರವನ್ನು ಕೇಡೆಂದು ತಿಳಿದು ಮಾರ್ಗವನ್ನು ಕತ್ತರಿಸಿತು. ಅದರ ಭಾರವು ಉಳಿದ ನಾಲ್ಕರ ಮೇಲೆ ಬಿದ್ದು ಅವೂ ಕಡಿದುಹೋದವು. ೧೯೬೬ರ ಫೆಬ್ರವರಿಯ ‘ಸ್ಪೆಕ್ಟ್ರಂ’ ಈ ದುರ್ಘಟನೆಯನ್ನು ಕುರಿತ ಫ್ರೀಡ್‌ಲೆಂಡರರ ಲೇಖನವನ್ನು ‘ಕತ್ತಲೆಯ ಹೊದಿಕೆ’ ಎಂಬರ್ಥದ ಉಪಶೀರ್ಷಿಕೆಯೊಡನೆ ಪ್ರಕಟಿಸಿತು. ಯಾನ್‌ಸ್ಕಿಯ ‘ತೋರುವ’ ಎಂಬ ಪದದ ಪಕ್ಕದಲ್ಲಿ ಈ ರೂಪಕವನ್ನು ಇಟ್ಟುನೋಡಿದರೆ ೩೩ ವರ್ಷಗಳಲ್ಲಿ ಗದ್ಯವು ಎಷ್ಟು ದೂರ ನಡೆದಿತೆಂಬುದು ಗೊತ್ತಾಗುತ್ತದೆ. ಮೊದಲನೆಯದು ಸಹವೃತ್ತಿಗಳ ಪರೀಕ್ಷೆಗೆ ಒಡ್ಡಿದ ಮಾತು. ಎರಡನೆಯದು ಕಥನ; ಅದಕ್ಕೆ ಆದಿ ಮಧ್ಯ ಅಂತ್ಯಗಳುಂಟು, ಓದುಗನ ಕುತೂಹಲವೇ ಅದಕ್ಕೆ ಆಶ್ರಯ.

೫

ಈ ಕಥನಶೈಲಿಗೆ ನಿಜವಾದ ಪರೀಕ್ಷೆ ಬಂದದ್ದು ೧೯೭೨ರಲ್ಲಿ. ಅದನ್ನು ವಿವರಿಸುವ ಮುನ್ನ ೬೦ ವರ್ಷ ಹಿಂದಿನ ಒಂದು ನಿಯಮವನ್ನು ಜ್ಞಾಪಿಸಿಕೊಳ್ಳಬೇಕು. ಹಿರಿಯ ಸಂಘವು ೧೯೧೨ರಲ್ಲಿ ತನ್ನ ಸದಸ್ಯರಿಗಾಗಿ ಒಂದು ನಡತೆಯ ಸೂತ್ರಾವಳಿಯನ್ನು ಅಂಗೀಕರಿಸಿತು. ಕೆಲಸ ಕೊಟ್ಟ ಧಣಿಯ ಹಿತರಕ್ಷಣೆಯೇ ಇಂಜನಿಯರಿನ ಮೊದಲ ವೃತ್ತಿಧರ್ಮವೆಂದು ಅದು ವಿಧಿಸಿತು. ಇಂಜನಿಯರಿಂಗ್ ವಿಷಯಗಳ ಚರ್ಚೆ ಟೀಕೆಗಳನ್ನು ಸಾರ್ವಜನಿಕ ವೃತ್ತಪತ್ರಿಕೆಗಳಲ್ಲಿ ನಡೆಸಬಾರದು, ವೃತ್ತಿಸಂಘಗಳ ಮುಂದೆ ಅಥವಾ ಶಾಸ್ತ್ರೀಯ ಪತ್ರಿಕೆಗಳಲ್ಲಿ ನಡೆಸಬೇಕೆಂದೂ ಅದರಲ್ಲಿ ಇದ್ದಿತು.

ಈ ಎರಡನೆಯ ವಿಧಿಯ ತಾತ್ಪರ್ಯವನ್ನು ಚೆನ್ನಾಗಿ ಆಲೋಚಿಸಬೇಕು. ಊರಿನ ಕಟ್ಟೆಯ ಮೇಲೆ ಮಾತನಾಡಬೇಡ, ಮನೆಯೊಳಗೆ ಮಾತನಾಡು ಎಂದು ಹೇಳಿದವನು ಮನೆಯ ಬಾಗಿಲನ್ನಾದರೂ ತೆರೆದಿಟ್ಟಿರಬೇಕು. ಸಾರ್ವಜನಿಕ ಪತ್ರಿಕೆಯನ್ನು ಸದಸ್ಯನಿಗೆ ಮುಚ್ಚಿದ ಮೇಲೆ ಸಂಘದ ಪತ್ರಿಕೆಯ ಮೇಲೆ ಒಂದು ಋಣ ಬೀಳುತ್ತದೆ. ಧಣಿಯ ಹಿತವೂ ಜನರ ಕ್ಷೇಮವೂ ಎದುರುಬದುರಾದಾಗ ಆ ಪತ್ರಿಕೆ ಸದಸ್ಯನ ಮಾತಿಗೆ ಎಡೆಗೊಡಬೇಕು. ಇಲ್ಲವಾದರೆ ಅವನ ಬಾಯಿಗೆ ಎರಡು ಬೀಗಗಳನ್ನು ಹಾಕಿದಂತಾಯಿತು.

ಸಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲ ಊರುಗಳಿಗಾಗಿ ಕಟ್ಟಿದ ‘ಬಾರ್ಟ್’ ಎಂಬ ವಿದ್ಯುತ್ ರೈಲುಮಾರ್ಗದಲ್ಲಿ ಗಾಡಿಗಳ ವೇಗವನ್ನು ಯಂತ್ರವೇ ನಿಯಮಿಸುವ ಏರ್ಪಾಡಿತ್ತು. ಆ ಸಂಸ್ಥೆಯ ಮೂವರು ಇಂಜನಿಯರುಗಳು ಈ ಸ್ವಯಂನಿಯಂತ್ರಣದ ಭದ್ರತೆ ಸಾಲದೆಂದು ಮೇಲಧಿಕಾರಿಗಳಿಗೆ ತಿಳಿಸಿದರು. ಫಲ ಕಾಣದಿರಲು ಆಡಳಿತಮಂಡಲಿಯ ಸದಸ್ಯರೊಬ್ಬರ ಗಮನಕ್ಕೆ ತಂದರು. ೧೯೭೨ರ ಮಾರ್ಚಿಯಲ್ಲಿ ಮೂವರೂ ಕೆಲಸದಿಂದ ವಜಾ ಆದರು. ಸೆಪ್ಟೆಂಬರ್ ೧೧ರಂದು ರೈಲು ಓಡಾಟ ಆರಂಭವಾಯಿತು. ಅಕ್ಟೋಬರ್ ೨ರಂದು ಫ್ರೀಮಾಂಟ್ ನಿಲ್ದಾಣದಲ್ಲಿ ಗಾಡಿಯೊಂದು ನಿಲ್ಲದೆ ಹಳಿಯ ಕೊನೆಯನ್ನು ದಾಟಿ ಹೋಯಿತು, ಕೆಲವರು ಗಾಯಗೊಂಡರು. ವೇಗದ ಆಜ್ಞೆಯನ್ನು ಗ್ರಹಿಸುವ ಭಾಗದಲ್ಲಿ ಒಂದು ಸ್ಫಟಿಕ ಆಂದೋಲಕವು ಕೆಟ್ಟು, ನಿಧಾನಿಸಬೇಕಾದ ಗಾಡಿ ವೇಗವನ್ನು ಹೆಚ್ಚಿಸಿಕೊಂಡಿತೆಂದು ತಿಳಿದುಬಂದಿತು.

ಈ ಕಾಲದಲ್ಲಿ ‘ಸ್ಪೆಕ್ಟ್ರಂ’ ಏನು ಮಾಡಿತು? ಫ್ರೀಡ್‌ಲೆಂಡರರು ಈ ರೈಲನ್ನು ಕುರಿತು ಬರೆದ ಲೇಖನಗಳ ಶೀರ್ಷಿಕೆಗಳನ್ನು ಅನುಕ್ರಮವಾಗಿ ನೋಡಿದರೆ ಉತ್ತರ ದೊರೆಯುತ್ತದೆ. ೧೯೭೨ರ ಸೆಪ್ಟೆಂಬರಿನದು ರೈಲಿನ ‘ವೃತ್ತಾಂತ’. ಅಕ್ಟೋಬರಿನದು ಮೊಳೆಯಿಂದ ಮೊದಲುಗೊಂಡು ಗಣಕಯಂತ್ರದವರೆಗೆ ಅದರ ‘ಯಂತ್ರಸಾಮಗ್ರಿ’. ೧೯೭೩ರ ಮಾರ್ಚಿಯದು ಅದರಲ್ಲಿನ ‘ದೊಡ್ಡ ಹುಳುಕುಗಳು’, ಅದೂ ಪ್ರಶ್ನಾರ್ಥಕ ಚಿಹ್ನೆಯೊಡನೆ. ಏಪ್ರಿಲಿನದು ರೋಗಕ್ಕೆ ‘ಔಷಧದ ಚೀಟಿ’. ೧೯೭೪ರ ಅಕ್ಟೋಬರಿನದು ಆ ಮೂವರು ಇಂಜನಿಯರುಗಳಿಗೂ ಸಂಸ್ಥೆಗೂ ನಡೆದ ‘ವ್ಯಾಜ್ಯ’. ವೃತ್ತಾಂತ, ವರ್ಣನೆ, ಸಂಶಯ, ಚಿಕಿತ್ಸೆ, ವ್ಯಾಜ್ಯ! ಒಬ್ಬನೇ ಲೇಖಕನು, ಒಂದೇ ವಿಷಯದಲ್ಲಿ, ಎರಡು ವರ್ಷಗಳ ಅವಧಿಯಲ್ಲಿ, ಯಂತ್ರದಿಂದ ಮನುಷ್ಯನ ಕಡೆಗೆ ತಿರುಗಿದ ಬಗೆಯನ್ನು ಈ ಐದು ಮಾತುಗಳು ತೋರಿಸುತ್ತವೆ.

ಮೊದಲ ಎರಡು ಲೇಖನಗಳು ಹೊರಡುವ ವೇಳೆಗಾಗಲೇ ಆ ಮೂವರು ಕೆಲಸ ಕಳೆದುಕೊಂಡಿದ್ದರು. ಅವರ ವಿಷಯವೇ ಮುಖ್ಯವಾದ ಲೇಖನ ಬರಲು ಎರಡು ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಈ ವಿಳಂಬವನ್ನು ವಿಮರ್ಶಕನು ಮರೆಮಾಚಕೂಡದು. ಆದರೆ ಅದಕ್ಕೆ ಕಾರಣವನ್ನು ಕೇವಲ ಅಳುಕಿನಲ್ಲಿ ಹುಡುಕುವುದೂ ನ್ಯಾಯವಲ್ಲ. ಸಂಘದ ನಿಬಂಧನೆಗಳು ಆಗ ಶಾಸ್ತ್ರವಿಷಯಕ್ಕೆ ಮಾತ್ರ ಎಡೆಗೊಡುತ್ತಿದ್ದವು. ಉದ್ಯೋಗ, ಸಂಬಳ, ವೃತ್ತಿಯ ಹಕ್ಕು ಮುಂತಾದವು ಸಂಘದ ಕಾರ್ಯಕ್ಷೇತ್ರಕ್ಕೆ ಸೇರಿರಲಿಲ್ಲ. ಸಾವಿರಾರು ಇಂಜನಿಯರುಗಳು ನಿರುದ್ಯೋಗಿಗಳಾದ ಆ ವರ್ಷಗಳಲ್ಲಿ ಸದಸ್ಯರ ಅಸಮಾಧಾನ ಬೆಳೆದು, ೧೯೭೨ರಲ್ಲಿ ಅವರ ಮತದಿಂದಲೇ ನಿಬಂಧನೆ ತಿದ್ದುಪಡಿಯಾಯಿತು. ವಿಷಯಕ್ಕೆ ಹಾಕಿದ ಎಲ್ಲೆಯೇ ಗದ್ಯಕ್ಕೂ ಎಲ್ಲೆಯಾಗಿದ್ದಿತು. ಎಲ್ಲೆ ಸರಿದ ಮೇಲೆ ‘ವ್ಯಾಜ್ಯ’ವೆಂಬ ಮಾತನ್ನು ಬರೆಯಲು ಸಾಧ್ಯವಾಯಿತು. ೧೯೭೫ರ ಜನವರಿಯಲ್ಲಿ ಸಂಘವು ನ್ಯಾಯಾಲಯದ ಮುಂದೆ ತಾನೇ ಒಂದು ವಿಜ್ಞಾಪನೆಯನ್ನು ಸಲ್ಲಿಸಿ, ಜನರ ಕ್ಷೇಮವನ್ನು ಕಾಯುವ ಹೊಣೆ ಇಂಜನಿಯರಿನ ಉದ್ಯೋಗದ ಕರಾರಿನಲ್ಲಿಯೇ ಅಂತರ್ಗತವಾಗಿದೆಯೆಂದು ವಾದಿಸಿತು. ವ್ಯಾಜ್ಯವು ನ್ಯಾಯಾಲಯದ ಹೊರಗೆ ರಾಜಿಯಲ್ಲಿ ಮುಗಿಯಿತು. ೧೯೧೨ರ ಸೂತ್ರಾವಳಿಯಿಂದ ಈ ವಿಜ್ಞಾಪನೆಗೆ ಎಷ್ಟು ದೂರ! ಸಂಘವು ೧೯೯೦ರಲ್ಲಿ ಅಂಗೀಕರಿಸಿದ ನೀತಿಸೂತ್ರದಲ್ಲಿ ಧಣಿಯ ಹಿತಕ್ಕೆ ಬದಲಾಗಿ ಜನರ ಭದ್ರತೆ, ಆರೋಗ್ಯ, ಕ್ಷೇಮಗಳೇ ಮೊದಲ ಸ್ಥಾನದಲ್ಲಿ ನಿಂತವು.

೬

೧೯೭೦ರ ದಶಕದ ಆದಿಯಿಂದ ೧೯೯೩ರವರೆಗೆ ಡೊನಾಲ್ಡ್ ಕ್ರಿಶ್ಚನ್‌ಸನ್ ಎಂಬವರು ‘ಸ್ಪೆಕ್ಟ್ರಂ’ ಪತ್ರಿಕೆಯ ಸಂಪಾದಕರಾಗಿದ್ದರು. ಅವರು ಮೊದಲು ‘ಎಲೆಕ್ಟ್ರಾನಿಕ್ಸ್’ ಎಂಬ ವಾಣಿಜ್ಯಪತ್ರಿಕೆಯಲ್ಲಿ ಸಂಪಾದಕರಾಗಿದ್ದವರು. ಅವರ ಕಾಲದಲ್ಲಿ ಸಂಘದ ಒಳಸುದ್ದಿಗಾಗಿ ಬೇರೊಂದು ಪತ್ರಿಕೆ ಏರ್ಪಟ್ಟಿತು. ಆದ್ದರಿಂದ ಮುಖ್ಯಪತ್ರಿಕೆಗೆ ಸಂಘದ ವರದಿಗಾರನಾಗಿರುವ ಹೊರೆ ಕಡಮೆಯಾಗಿ, ವೃತ್ತಿಯ ವಿಮರ್ಶಕನಾಗುವ ಬಿಡುವು ದೊರೆಯಿತು. ೧೯೭೯ರ ನವೆಂಬರಿನಲ್ಲಿ ಅದು ಪೆನ್ಸಿಲ್ವೇನಿಯದ ‘ತ್ರೀ ಮೈಲ್ ಐಲೆಂಡ್’ ಪರಮಾಣು ವಿದ್ಯುದಾಗಾರದ ಅಪಘಾತವನ್ನು ಕುರಿತು ಒಂದು ವಿಶೇಷ ಸಂಚಿಕೆಯನ್ನು ಹೊರಡಿಸಿತು.

ಆ ಅಪಘಾತದ ಒಂದು ಅಂಶವನ್ನು ಇಲ್ಲಿ ವಿವರಿಸುವುದು ಅಗತ್ಯ. ೧೯೭೯ರ ಮಾರ್ಚಿ ೨೮ರ ಬೆಳಗಿನ ಜಾವ, ಒತ್ತಡವನ್ನು ಇಳಿಸಲು ತೆರೆದುಕೊಂಡ ಒಂದು ಕವಾಟವು ಮತ್ತೆ ಮುಚ್ಚಿಕೊಳ್ಳದೆ ಹಾಗೆಯೇ ನಿಂತಿತು. ನಿಯಂತ್ರಣಕೊಠಡಿಯ ದೀಪವಾದರೋ ಕವಾಟ ಮುಚ್ಚಿದೆಯೆಂಬ ಭಾವನೆಯನ್ನು ಉಂಟುಮಾಡಿತು. ಏಕೆಂದರೆ ಆ ದೀಪಕ್ಕೆ ಸಂಬಂಧವಿದ್ದದ್ದು ಕವಾಟದ ಸ್ಥಿತಿಯೊಡನಲ್ಲ. ಅದಕ್ಕೆ ಕಳುಹಿಸಿದ ಆಜ್ಞೆಯೊಡನೆ. ಮುಚ್ಚುವಂತೆ ಆಜ್ಞೆ ಹೋಗಿತ್ತು. ದೀಪ ಅಷ್ಟನ್ನು ಸತ್ಯವಾಗಿಯೇ ಹೇಳಿತು. ಎರಡು ಗಂಟೆಗಳಿಗೂ ಹೆಚ್ಚು ಕಾಲ ತಂಪುನೀರು ಹೊರಕ್ಕೆ ಹರಿದುಹೋಯಿತು; ಪರಮಾಣು ಯಂತ್ರದ ತಿರುಳು ಅರ್ಧದಷ್ಟು ಕರಗಿತು.

ವೃತ್ತಿಸಂಘದ ಪತ್ರಿಕೆಗಳ ವಿಷಯದಲ್ಲಿ ನಮ್ಮ ನಿರ್ಣಯಕ್ಕೆ ಈ ದೀಪವೊಂದು ಒಳ್ಳೆಯ ದೃಷ್ಟಾಂತ. ಇಂಥ ಪತ್ರಿಕೆಗಳ ಬಹುಭಾಗ ಗದ್ಯವು ಆಜ್ಞೆಯನ್ನು ತೋರಿಸುವ ದೀಪವೇ. ಸಮಿತಿ ನೇಮಕವಾಯಿತು, ನಿರ್ಣಯ ಅಂಗೀಕೃತವಾಯಿತು, ಯೋಜನೆ ಉದ್ಘಾಟಿತವಾಯಿತು ಎಂದು ಅದು ಹೇಳುತ್ತದೆ. ಹೇಳಿದ್ದರಲ್ಲಿ ಸುಳ್ಳಿಲ್ಲ, ಆದರೆ ಕವಾಟ ಮುಚ್ಚಿದೆಯೇ ಎಂಬುದು ಅದರಿಂದ ತಿಳಿಯದು. ಇಂಥ ಗದ್ಯದಲ್ಲಿ ಕರ್ಮಣಿಪ್ರಯೋಗ ಹೆಚ್ಚು, ಕರ್ತೃ ಮರೆ. ನಾಮಪದ ಹೆಚ್ಚು, ಕ್ರಿಯಾಪದ ಕಡಮೆ. ಯಾರು, ಯಾವಾಗ, ಯಾವುದನ್ನು ಕಂಡು, ಏನು ಮಾಡಿದರೆಂದು ಹೇಳತೊಡಗಿದೊಡನೆ ಕರ್ತರಿಪ್ರಯೋಗ ಅನಿವಾರ್ಯವಾಗುತ್ತದೆ. ವಾಕ್ಯಕ್ಕೆ ಹೊಣೆಗಾರನು ದೊರೆಯುತ್ತಾನೆ. ಶೈಲಿಯೂ ನೀತಿಯೂ ಬೇರೆಬೇರೆಯಾಗಿ ನಿಲ್ಲುವುದಿಲ್ಲವೆಂದು ನಾವು ಮೊದಲು ಹೇಳಿದುದರ ಅಭಿಪ್ರಾಯ ಇದು. ‘ಸ್ಪೆಕ್ಟ್ರಂ’ ತನ್ನ ಉತ್ತಮ ಸಂಚಿಕೆಗಳಲ್ಲಿ ದೀಪದ ತಂತಿಯನ್ನು ಬಿಚ್ಚಿ ಕವಾಟಕ್ಕೆ ಕಟ್ಟಿತು. ಇರಾಕ್ ದೇಶವು ಅಣುಬಾಂಬಿನ ವಿದ್ಯೆಯನ್ನು ಗುಟ್ಟಾಗಿ ಸಂಪಾದಿಸಲು ಮಾಡಿದ ಯತ್ನವನ್ನು ಕುರಿತು ಗ್ಲೆನ್ ಜೋರ್ಪೆಟ್ ಅವರು ೧೯೯೨ರ ಏಪ್ರಿಲಿನಲ್ಲಿ ಬರೆದ ಲೇಖನಕ್ಕೆ, ಅಮೆರಿಕದ ಜನಪ್ರಿಯ ಪತ್ರಿಕೆಗಳೊಡನೆ ಸ್ಪರ್ಧಿಸಿ, ೧೯೯೩ರ ರಾಷ್ಟ್ರೀಯ ಪತ್ರಿಕಾ ಪ್ರಶಸ್ತಿ ದೊರೆಯಿತು. ಸದಸ್ಯರಿಗೆಂದು ಬರೆದ ಗದ್ಯವು ಸದಸ್ಯರಲ್ಲದವರಿಗೂ ಪ್ರಮಾಣವಾಯಿತು.

೭

ಇಷ್ಟು ಹೊಗಳಿದ ಮೇಲೆ ಎರಡು ಆಕ್ಷೇಪಗಳನ್ನು ಎತ್ತದೆ ಬಿಡಲಾಗದು.

ಒಂದನೆಯದಾಗಿ, ಹಳೆಯ ಸಂಪುಟಗಳ ‘ಚರ್ಚೆ’ ಹೊಸ ಪತ್ರಿಕೆಯಲ್ಲಿ ಹಿಂದಕ್ಕೆ ಸರಿಯಿತು. ಅದರ ಸ್ಥಾನದಲ್ಲಿ ಓದುಗರ ಪತ್ರಗಳು ಉಳಿದವು. ಆದರೆ ಪತ್ರವು ತಿಂಗಳು ಕಳೆದ ಮೇಲೆ ಬರುವ ಪ್ರತಿಧ್ವನಿ. ಅಂದಿನ ಥಾಮ್ಸನ್ನನಂತೆ ಎದುರಿಗೆ ನಿಂತು, ಅದೇ ಪುಟಗಳಲ್ಲಿ, ಸಮಾನನಾಗಿ ಆಕ್ಷೇಪಿಸುವ ಹಕ್ಕು ಸದಸ್ಯನಿಗೆ ಉಳಿಯಲಿಲ್ಲ. ಸಂಬಳದ ಲೇಖಕನು ಅವನಿಗಿಂತ ಚೆನ್ನಾಗಿ ಬರೆಯುತ್ತಾನೆ, ನಿಜ. ಆದರೆ ಅವನ ಪರವಾಗಿ ಬರೆಯುತ್ತಾನೆ. ಒಡೆಯನಾಗಿದ್ದವನು ಕ್ರಮೇಣ ಪ್ರೇಕ್ಷಕನಾದನು. ಪ್ರಸಾದಗುಣವನ್ನು ಗಳಿಸಿದ ಗದ್ಯವು ಬಹುಕಂಠವನ್ನು ಕಳೆದುಕೊಂಡಿತು.

ಎರಡನೆಯದಾಗಿ, ಅಪಘಾತವನ್ನು ಕಥೆಯಾಗಿ ಹೇಳುವ ಶೈಲಿಗೆ ತನ್ನದೇ ಆದ ಅಪಾಯವಿದೆ. ಕಥೆಗೆ ಒಂದು ಕಾರಣ ಬೇಕು, ಒಂದು ಕ್ಷಣ ಬೇಕು, ಸಾಧ್ಯವಾದರೆ ಒಬ್ಬ ನಾಯಕನೂ ಬೇಕು. ರಿಲೇಯೊಂದು ತಪ್ಪಿತು, ಸ್ಫಟಿಕವೊಂದು ಕೆಟ್ಟಿತು, ದೀಪವೊಂದು ಮೋಸಮಾಡಿತು ಎಂದು ಹೇಳಿದರೆ ಓದುಗನ ಮನಸ್ಸು ಅಲ್ಲಿಗೇ ನಿಲ್ಲುತ್ತದೆ. ಭಾರ ಹೆಚ್ಚಿದರೂ ರಿಲೇಯನ್ನು ಮತ್ತೆ ಹೊಂದಿಸದಿದ್ದುದು, ಎಚ್ಚರಿಸಿದವರನ್ನು ವಜಾಮಾಡಿದುದು, ಆಜ್ಞೆಯನ್ನೇ ಸ್ಥಿತಿಯೆಂದು ತಿಳಿಯುವ ಅಭ್ಯಾಸ ಬೆಳೆದುದು, ಇವುಗಳಿಗೆ ಒಂದು ಕ್ಷಣವೆಂಬುದಿಲ್ಲ. ಆದುದರಿಂದ ಇವು ಕಥೆಯೊಳಕ್ಕೆ ಸುಲಭವಾಗಿ ಬಾರವು. ಹಳೆಯ ಚರ್ಚೆಯ ಗದ್ಯವು ಇಂಥ ನಿಧಾನವಾದ ಕಾರಣಗಳನ್ನು ಹೊರಗೆಡಹಲು ಹೆಚ್ಚು ಸಮರ್ಥವಾಗಿತ್ತು. ಏಕೆಂದರೆ ಅಲ್ಲಿ ಒಬ್ಬನು ಬಿಟ್ಟ ಎಳೆಯನ್ನು ಇನ್ನೊಬ್ಬನು ಹಿಡಿಯುತ್ತಿದ್ದನು.

ಹಾಗಾದರೆ ಹಳೆಯದಕ್ಕೇ ಹಿಂದಿರುಗಬೇಕೆ? ೪,೦೦,೦೦೦ ಸದಸ್ಯರು ಒಂದು ಸಭೆಯಲ್ಲಿ ಕೂಡಲಾರರು. ಒಬ್ಬರ ಪರಿಭಾಷೆ ಇನ್ನೊಬ್ಬರಿಗೆ ತಿಳಿಯದು. ಕಥನಶೈಲಿ ಈ ಸ್ಥಿತಿಗೆ ಒದಗಿದ ಔಷಧವೇ ಹೊರತು ಚಾಪಲ್ಯದಿಂದ ಬಂದದ್ದಲ್ಲ. ಆದರೆ ಕಥನ ಮುಗಿದೆಡೆಯಲ್ಲಿ ಆಕ್ಷೇಪಕ್ಕೆ ಸ್ಥಳವಿಡುವುದು ಈಗಲೂ ಅಶಕ್ಯವಲ್ಲ. ಬಾರ್ಟ್ ಲೇಖನಗಳ ಹಿರಿಮೆ ಇರುವುದೂ ಇಂಥಲ್ಲಿಯೇ. ಮೊದಲ ಲೇಖನವನ್ನು ಮೂರನೆಯದು ತಿದ್ದಿತು, ಮೂರನೆಯದನ್ನು ಐದನೆಯದು ಪೂರ್ಣಗೊಳಿಸಿತು. ಚರ್ಚೆ ಎರಡು ವರ್ಷಗಳ ಅವಧಿಯಲ್ಲಿ ಹರಡಿಕೊಂಡು ನಡೆಯಿತೆನ್ನಬಹುದು.

ಸಾಹಿತ್ಯಬೋಧಕರಿಗೆ ಈ ಚರಿತ್ರೆಯಿಂದ ದೊರೆಯುವ ಪ್ರಯೋಜನವನ್ನು ಹೇಳಿ ಲೇಖನವನ್ನು ಮುಗಿಸುವೆವು. ಗದ್ಯದ ಗುಣದೋಷಗಳನ್ನು ವಿದ್ಯಾರ್ಥಿಗಳಿಗೆ ತಿಳಿಸುವಾಗ ನಾವು ಕಥೆ ಪ್ರಬಂಧಗಳಿಂದ ಮಾತ್ರ ಉದಾಹರಣೆಗಳನ್ನು ಆರಿಸುತ್ತೇವೆ. ಆ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮುಂದೆ ಕಥೆಗಳನ್ನು ಬರೆಯುವುದಿಲ್ಲ. ವರದಿಗಳನ್ನು ಬರೆಯುತ್ತಾರೆ, ಸಂಘ ಸಂಸ್ಥೆಗಳ ಪತ್ರಿಕೆಗಳನ್ನು ನಡೆಸುತ್ತಾರೆ. ಒಂದು ವಾಕ್ಯವನ್ನು ಕೊಟ್ಟು, ಇದರಲ್ಲಿ ತಿಳಿಸಿರುವುದು ಆಜ್ಞೆಯೋ ಸ್ಥಿತಿಯೋ, ಇದರ ಕರ್ತೃ ಯಾರು, ಇದನ್ನು ಆಕ್ಷೇಪಿಸಲು ಎಲ್ಲಿ ಎಡೆಯಿದೆ ಎಂಬ ಮೂರು ಪ್ರಶ್ನೆಗಳನ್ನು ಕೇಳುವುದನ್ನು ತರಗತಿಯಲ್ಲಿ ಅಭ್ಯಾಸಮಾಡಿಸಿದರೆ, ಅಲಂಕಾರಶಾಸ್ತ್ರದ ಔಚಿತ್ಯವಿಚಾರವು ಈ ಕಾಲದ ಗದ್ಯಕ್ಕೂ ಉಪಯುಕ್ತವಾಗುತ್ತದೆ. ಇತರ ವೃತ್ತಿಸಂಘಗಳ ಪತ್ರಿಕೆಗಳನ್ನೂ ಈ ದೃಷ್ಟಿಯಿಂದ ಪರಿಶೀಲಿಸಿ, ಇಲ್ಲಿ ಹೇಳಿದ ನಿರ್ಣಯಗಳು ಎಷ್ಟರಮಟ್ಟಿಗೆ ನಿಲ್ಲುವುವೆಂಬುದನ್ನು ವಿದ್ವಾಂಸರು ವಿಚಾರಮಾಡಬೇಕೆಂದು ಪ್ರಾರ್ಥಿಸುತ್ತೇವೆ.